ಕರೆಂಟ್ ಹೋಗಿದೆ ಅಂತ ಮೇನ್ ಬೋರ್ಡ್ ಬಿಚ್ಚಬೇಡಿ: ಮಳೆಗಾಲಕ್ಕೆ ಮುಂಚೆ ಮನೆ, ಅಂಗಡಿಯವರು ತಿಳಿದಿರಬೇಕಾದ ವಿಷಯ

ಮಳೆ ಹಿಡಿದರೆ ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆ ಕರೆಂಟ್ ಯಾವಾಗ ಹೋಗುತ್ತೆ, ಯಾವಾಗ ಬರುತ್ತೆ ಹೇಳೋಕಾಗಲ್ಲ. ಮರ ಬಿತ್ತು, ಲೈನ್ ಕಡಿಯಿತು, ಕಂಬ ವಾಲಿತು. ಲಿಂಗನಮಕ್ಕಿ ಅಣೆಕಟ್ಟು ಇರುವ ಜಿಲ್ಲೆಯಲ್ಲೇ ಈ ಪಾಡು ಅಂತ ಬೈದುಕೊಳ್ಳುವುದೂ ಇಲ್ಲಿ ಹಳೇ ಅಭ್ಯಾಸ. ಇದರ ಜೊತೆಗೆ ಇನ್ನೊಂದು ಅಭ್ಯಾಸವೂ ಬೆಳೆದುಬಿಟ್ಟಿದೆ. ಕೆಟ್ಟ ಸ್ವಿಚ್ ಬದಲಿಸುವುದು, ಎಂಸಿಬಿ ಬಿಗಿ ಮಾಡುವುದು, ಸುಟ್ಟ ಫ್ಯೂಸ್ ಕಟ್ಟುವುದು, ಹೊಸ ಪಾಯಿಂಟ್ ಎಳೆಯುವುದು, ಇವೆಲ್ಲಕ್ಕೂ ಜನ ಕರೆಂಟ್ ಹೋಗುವುದನ್ನೇ ಕಾಯುತ್ತಾರೆ. ಹೇಗೂ ಕರೆಂಟಿಲ್ಲ, ಈಗಲೇ ಮಾಡಿಬಿಡೋಣ ಅಂತ.

ಅಪಾಯ ಇರುವುದು ಅಲ್ಲೇ. ಕರೆಂಟ್ ಹೋಗಿರುವುದು ಬೇರೆ, ಬೋರ್ಡ್ ಪೂರ್ತಿ ಬಂದ್ ಆಗಿರುವುದು ಬೇರೆ. ಮೊದಲನೆಯದು ಮೆಸ್ಕಾಂನವರ ಕೈಲಿದೆ, ಯಾವ ಕ್ಷಣದಲ್ಲಾದರೂ ವಾಪಸ್ ಬರಬಹುದು. ಸಬ್‌ಸ್ಟೇಷನ್‌ನಲ್ಲಿ ಫೀಡರ್ ಚಾರ್ಜ್ ಮಾಡುವವರಿಗೆ ನಿಮ್ಮ ಮನೆಯಲ್ಲಿ ಯಾರೋ ಸ್ಕ್ರೂಡ್ರೈವರ್ ಹಿಡಿದು ನಿಂತಿರುವುದು ಗೊತ್ತಿರುವುದಿಲ್ಲ.

ಯುಪಿಎಸ್ ಇರುವ ಮನೆಯಲ್ಲಿ ಕರೆಂಟ್ ಹೋಗುವುದೇ ಇಲ್ಲ

ಈಗ ಮಲೆನಾಡಿನಲ್ಲಿ ಯುಪಿಎಸ್ ಇಲ್ಲದ ಮನೆ ಕಡಿಮೆ. ಅದರ ಬ್ಯಾಟರಿ 12 ವೋಲ್ಟಿನದ್ದು, ಅದೇನು ಹೊಡೆಯುತ್ತೆ ಅಂತ ಕೆಲವರ ಲೆಕ್ಕ. ಆದರೆ ಯುಪಿಎಸ್‌ನ ಕೆಲಸವೇ ಆ 12 ವೋಲ್ಟನ್ನು 230 ವೋಲ್ಟ್ ಮಾಡಿ ಮನೆ ವೈರಿಂಗಿಗೆ ಕೊಡುವುದು. ಕಂಬದಿಂದ ಬರುವ ಕರೆಂಟಿಗೂ ಇದಕ್ಕೂ ಶಾಕ್ ವಿಷಯದಲ್ಲಿ ವ್ಯತ್ಯಾಸ ಇಲ್ಲ.

ಊರಿಗೆಲ್ಲ ಕರೆಂಟ್ ಹೋದಾಗಲೂ ಹಾಲ್‌ನ ಲೈಟು, ಫ್ಯಾನು, ಟಿವಿ ಪಾಯಿಂಟ್‌ಗಳ ವೈರಿನಲ್ಲಿ ಪೂರ್ತಿ 230 ವೋಲ್ಟ್ ಇರುತ್ತೆ. ಎಷ್ಟೋ ಮನೆಗಳಲ್ಲಿ ಯುಪಿಎಸ್ ಲೈನು, ಮೇನ್ ಲೈನು ಎರಡೂ ಒಂದೇ ಸ್ವಿಚ್ ಬೋರ್ಡಿನ ಹಿಂದೆ ಪಕ್ಕಪಕ್ಕದಲ್ಲೇ ಇರುತ್ತವೆ. ಮೇನ್ ಆಫ್ ಮಾಡಿ, ಗೀಸರ್ ಸ್ವಿಚ್ ಬಿಚ್ಚೋಕೆ ಹೋದವರ ಬೆರಳು ಪಕ್ಕದ ಯುಪಿಎಸ್ ವೈರಿಗೆ ತಾಗಿದರೆ ಮುಗೀತು.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಬಹುತೇಕ ಯುಪಿಎಸ್‌ಗಳಲ್ಲಿ ಮುಂದಿನ ಬಟನ್ ಆಫ್ ಮಾಡಿದರೆ ನಿಲ್ಲುವುದು ಬ್ಯಾಟರಿಯಿಂದ ಬರುವ ಕರೆಂಟ್ ಮಾತ್ರ. ಮೇನ್ ಲೈನಿನ ಕರೆಂಟ್ ಅದರೊಳಗಿಂದ ಹಾಯ್ದು ಮನೆಗೆ ಹೋಗುತ್ತಲೇ ಇರುತ್ತೆ. ಪ್ಲಗ್ ಮಾತ್ರ ಕಿತ್ತರೆ ಉಲ್ಟಾ, ಬ್ಯಾಟರಿ ಶುರುವಾಗುತ್ತೆ. ಹಾಗಾಗಿ ಎರಡೂ ಆಗಬೇಕು: ಮುಂದಿನ ಬಟನ್ ಆಫ್, ಪ್ಲಗ್ ಸಾಕೆಟ್‌ನಿಂದ ಹೊರಗೆ. ನ್ಯೂಟ್ರಲ್ ವೈರಿಗೆ ಏನೂ ಆಗಲ್ಲ ಅನ್ನೋ ನಂಬಿಕೆಯೂ ಇಲ್ಲಿ ಕೈಕೊಡುತ್ತೆ. ಎರಡೂ ಲೈನಿಗೆ ಒಂದೇ ನ್ಯೂಟ್ರಲ್ ಹಾಕಿರುವ ಮನೆಯಲ್ಲಿ ಯುಪಿಎಸ್ ಓಡುವಾಗ ಆ ಕಪ್ಪು ವೈರನ್ನು ಬಿಡಿಸಿದರೆ, ಬಿಡಿಸಿದ ತುದಿ ಶಾಕ್ ಹೊಡೆಯಬಹುದು.

ಛಾವಣಿ ಸೋಲಾರ್ ಇದ್ದರೆ ಅದು ಇನ್ನೊಂದು ಮೂಲ. ಗ್ರಿಡ್‌ಗೆ ಸೇರಿಸಿದ ಇನ್ವರ್ಟರ್ ಕರೆಂಟ್ ಹೋದಾಗ ತಾನೇ ನಿಲ್ಲುತ್ತೆ. ಆದರೆ ಪ್ಯಾನೆಲ್‌ನಿಂದ ಇನ್ವರ್ಟರ್‌ಗೆ ಬರುವ ಡಿಸಿ ವೈರು ಬಿಸಿಲು ಇರುವಷ್ಟು ಹೊತ್ತೂ ಜೀವಂತ.

ಮೇನ್ ಆಫ್ ಮಾಡಿದರೂ ಮೇಲಿನ ತುದಿ ಬಿಸಿಯೇ

ಮನೆಗೆ ಕರೆಂಟ್ ಬರುವ ದಾರಿ ಹೀಗಿದೆ. ಕಂಬದಿಂದ ಸರ್ವಿಸ್ ವೈರು, ಅಲ್ಲಿಂದ ಮೀಟರ್, ಆಮೇಲೆ ಮೇನ್ ಸ್ವಿಚ್, ಅದರ ನಂತರ ಹೊಸ ಮನೆಗಳಲ್ಲಿ ಡಿಬಿ ಬಾಕ್ಸ್. ಡಿಬಿ ಒಳಗೆ ಮೊದಲು ಅಗಲದ ಡಬಲ್ ಪೋಲ್ ಸ್ವಿಚ್ ಅಥವಾ ಆರ್‌ಸಿಸಿಬಿ, ನಂತರ ಸಾಲಾಗಿ ಎಂಸಿಬಿಗಳು. ಹಳೇ ಮನೆಗಳಲ್ಲಿ ಇವ್ಯಾವೂ ಇಲ್ಲ. ಮರದ ಹಲಗೆ, ಕಬ್ಬಿಣದ ಹಿಡಿಯ ಮೇನ್ ಸ್ವಿಚ್, ಪಿಂಗಾಣಿ ಫ್ಯೂಸ್ ಅಷ್ಟೇ.

ಮೇನ್ ಸ್ವಿಚ್ ಆಫ್ ಮಾಡಿದಾಗ ಸತ್ತಿರುವುದು ಅದರ ನಂತರದ ಭಾಗ ಮಾತ್ರ. ಸ್ವಿಚ್‌ಗೆ ಮೀಟರ್‌ನಿಂದ ಬರುವ ವೈರು ಕೂರುವ ತುದಿಯಲ್ಲಿ ಕರೆಂಟ್ ಹಾಗೇ ಇರುತ್ತೆ. ಡಿಬಿ ಒಳಗಿನ ಸ್ವಿಚ್ ಮಾತ್ರ ಇಳಿಸಿ ಮುಚ್ಚಳ ಬಿಚ್ಚಿದವರಿಗೂ ಇದೇ ಮಾತು. ಅದಕ್ಕೆ ಬರುವ ದಪ್ಪ ವೈರು ನಿಮ್ಮ ಕೈಯಿಂದ ಎರಡು ಇಂಚು ದೂರದಲ್ಲಿ ಜೀವಂತವಾಗಿರುತ್ತೆ. ಅದನ್ನು ಸಾಯಿಸಲು ಮನೆಯಲ್ಲಿ ಯಾವ ಸ್ವಿಚ್ಚೂ ಇಲ್ಲದಿದ್ದರೆ ಮೆಸ್ಕಾಂಗೇ ಹೇಳಬೇಕು. ಮೀಟರ್, ಅದರ ಸೀಲ್, ಕಂಬದಿಂದ ಮೀಟರ್‌ವರೆಗಿನ ವೈರು ಇವಕ್ಕೆ ಮನೆಯವರೂ ಕೈ ಹಾಕುವಂತಿಲ್ಲ, ಖಾಸಗಿ ಎಲೆಕ್ಟ್ರಿಷಿಯನ್ ಕೂಡ ಕೈ ಹಾಕುವಂತಿಲ್ಲ.

ಹಳೇ ಮನೆಗಳ ಕಥೆ ಇನ್ನೂ ಸೂಕ್ಷ್ಮ. ಅಲ್ಲಿ ಫ್ಯೂಸ್ ಇರುವುದು ಒಂದೇ ವೈರಿಗೆ, ಫೇಸ್‌ಗೆ. ಮಳೆಯಲ್ಲಿ ಸರ್ವಿಸ್ ವೈರು ಕಡಿದು ಮತ್ತೆ ಜೋಡಿಸುವಾಗ ಕಂಬದ ಮೇಲೆ ಫೇಸ್, ನ್ಯೂಟ್ರಲ್ ಅದಲುಬದಲಾದರೆ ಲೈಟು, ಫ್ಯಾನು ಎಲ್ಲ ಮಾಮೂಲಿಯಂತೆ ನಡೆಯುತ್ತೆ, ಯಾರಿಗೂ ಗೊತ್ತಾಗಲ್ಲ. ಆದರೆ ಫ್ಯೂಸ್ ಕಿತ್ತಾಗ ಕಟ್ ಆಗುವುದು ನ್ಯೂಟ್ರಲ್. ಲೈಟ್ ಆರುತ್ತೆ, ವೈರಿನಲ್ಲಿ ಫೇಸ್ ಹಾಗೇ ಇರುತ್ತೆ. ಬಲ್ಬ್ ಉರಿಯುತ್ತಿಲ್ಲ ಅನ್ನುವುದು ಕರೆಂಟ್ ಇಲ್ಲ ಅನ್ನುವುದಕ್ಕೆ ಸಾಕ್ಷಿಯಲ್ಲ. ಎರಡೂ ವೈರನ್ನು ಒಟ್ಟಿಗೆ ಕಡಿಯುವ ಡಬಲ್ ಪೋಲ್ ಸ್ವಿಚ್ ಬೇಕು ಅನ್ನುವುದು ಇದಕ್ಕೇ. ಸರ್ವಿಸ್ ವೈರು ರಿಪೇರಿಯಾದ ಮೇಲೆ ಒಮ್ಮೆ ಟೆಸ್ಟರ್ ಹಾಕಿಸಿ ಫೇಸ್ ಸರಿಯಾದ ಜಾಗದಲ್ಲಿದೆಯಾ ಅಂತ ನೋಡಿಸಿಕೊಳ್ಳುವುದು ಒಳ್ಳೇದು.

ಕೆಲಸ ಮಾಡುವವರು ಪಾಲಿಸಬೇಕಾದ ಕ್ರಮ

ಬೋರ್ಡಿನ ಮುಚ್ಚಳ ಬಿಚ್ಚುವ ಕೆಲಸ ಮನೆಯವರದ್ದಲ್ಲ. ಇದನ್ನು ನೇರವಾಗಿಯೇ ಹೇಳಬೇಕು. ಎಂಸಿಬಿ ಇಳಿಸುವುದು, ಏರಿಸುವುದು, ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತುವುದು, ಸುಟ್ಟ ವಾಸನೆ ಬರುತ್ತಿದೆಯಾ ನೋಡುವುದು, ಇಲ್ಲಿಗೆ ನಮ್ಮ ಗಡಿ ಮುಗಿಯುತ್ತೆ. ಮುಂದಿನದ್ದು ವೈರ್‌ಮನ್ ಪರ್ಮಿಟ್ ಇರುವವರ ಕೆಲಸ. ಆದರೂ ಅವರು ಹೇಗೆ ಕೆಲಸ ಮಾಡಬೇಕು ಅಂತ ಮನೆಯವರಿಗೆ ಗೊತ್ತಿದ್ದರೆ, ಆತುರದಲ್ಲಿ ಬಂದು ಆತುರದಲ್ಲಿ ಹೋಗುವವರನ್ನು ತಡೆದು ಕೇಳಬಹುದು.

ಮೊದಲು ಎಲ್ಲ ಮೂಲಗಳೂ ಬಂದ್ ಆಗಬೇಕು: ಯುಪಿಎಸ್, ಜನರೇಟರ್, ಆಮೇಲೆ ಮೇನ್. ನಂತರ ಮನೆಯಲ್ಲಿ ಇರುವವರಿಗೆಲ್ಲ ಹೇಳಬೇಕು. ಯಾಕಂದರೆ ಅನಾಹುತಗಳು ಎಷ್ಟೋ ಸಲ ಆಗುವುದು ಒಳ್ಳೇ ಮನಸ್ಸಿನಿಂದಲೇ. ಮಗ ಬೋರ್ಡಿನ ಹತ್ತಿರ ಕೆಲಸ ಮಾಡುತ್ತಿದ್ದಾನೆ ಅಂತ ಗೊತ್ತಿಲ್ಲದ ಅಮ್ಮ, ಮೇನ್ ಯಾಕೋ ಬಿದ್ದಿದೆ ಅಂತ ಎತ್ತಿಬಿಡುತ್ತಾರೆ. ಹಳೇ ಲೈನ್‌ಮನ್‌ಗಳು ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡೇ ಕೆಲಸಕ್ಕೆ ಇಳಿಯುತ್ತಿದ್ದುದು ಇದಕ್ಕೇ. ಫ್ಯೂಸ್ ಜೇಬಿನಲ್ಲಿದ್ದರೆ ಬೇರೆ ಯಾರೂ ಲೈನ್ ಆನ್ ಮಾಡೋಕಾಗಲ್ಲ. ಎಂಸಿಬಿ ಆದರೆ ಅದರ ಮೇಲೆ ಟೇಪ್ ಅಂಟಿಸಿ, ಕೆಲಸ ನಡೀತಿದೆ ಅಂತ ಚೀಟಿ ಹಚ್ಚಿ, ಸಾಧ್ಯವಾದರೆ ಒಬ್ಬರನ್ನು ಅಲ್ಲೇ ನಿಲ್ಲಿಸಬೇಕು.

ಇಷ್ಟಾದ ಮೇಲೂ ಮುಟ್ಟುವ ಮೊದಲು ಟೆಸ್ಟ್ ಮಾಡಬೇಕು. ಟೆಸ್ಟರ್ ಹಾಕುವುದರಲ್ಲೂ ಕ್ರಮ ಇದೆ. ಮೊದಲು ಕರೆಂಟ್ ಇರುವುದು ಖಚಿತವಾಗಿರುವ ಕಡೆ ಹಾಕಿ ಟೆಸ್ಟರ್ ಉರಿಯುತ್ತಾ ನೋಡಬೇಕು. ಆಮೇಲೆ ಕೆಲಸ ಮಾಡಬೇಕಾದ ಜಾಗಕ್ಕೆ. ಮತ್ತೆ ಕರೆಂಟ್ ಇರುವ ಕಡೆಗೆ. ಮೂರನೇ ಹೆಜ್ಜೆಯನ್ನು ಎಲ್ಲರೂ ಬಿಡುತ್ತಾರೆ. ಮಧ್ಯದಲ್ಲಿ ಟೆಸ್ಟರೇ ಕೆಟ್ಟಿದ್ದರೆ ಗೊತ್ತಾಗುವುದು ಅದರಿಂದಲೇ.

ಸ್ಕ್ರೂಡ್ರೈವರ್ ಥರದ ಸಣ್ಣ ಟೆಸ್ಟರನ್ನು ಪೂರ್ತಿ ನಂಬುವಂತೆಯೂ ಇಲ್ಲ. ಅದರ ದೀಪ ಉರಿಯುವುದು ಹಿಡಿದವರ ಮೈ ಮೂಲಕ ನೆಲಕ್ಕೆ ಹರಿಯುವ ತೀರಾ ಸಣ್ಣ ಕರೆಂಟಿನಿಂದ. ಒಣ ಮರದ ಸ್ಟೂಲ್ ಮೇಲೆ ನಿಂತು, ದಪ್ಪ ರಬ್ಬರ್ ಚಪ್ಪಲಿ ಹಾಕಿಕೊಂಡು, ಹಗಲು ಬೆಳಕಿನಲ್ಲಿ ನೋಡಿದರೆ ಅದು ಉರಿದರೂ ಕಾಣದೇ ಹೋಗಬಹುದು. ನ್ಯೂಟ್ರಲ್ ಕಡಿದಿದೆಯಾ ಅನ್ನುವುದನ್ನಂತೂ ಅದು ಹೇಳುವುದೇ ಇಲ್ಲ. ಬೋರ್ಡ್ ಕೆಲಸಕ್ಕೆ ಮಲ್ಟಿಮೀಟರ್ ಹಿಡಿದು ಬರುವ ಎಲೆಕ್ಟ್ರಿಷಿಯನ್‌ಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ನಿಲ್ಲುವ ಜಾಗ ಒಣಗಿರಬೇಕು, ಕೈಯಲ್ಲಿ ಉಂಗುರ, ವಾಚ್ ಇರಬಾರದು. ಮಳೆಗಾಲದಲ್ಲಿ ಗೋಡೆಯೇ ತೇವ ಹಿಡಿದಿರುತ್ತೆ, ಇನ್ನೊಂದು ಕೈಯನ್ನು ಅದಕ್ಕೆ ಊರಬಾರದು.

ಎಂಸಿಬಿ ಕಾಯುವುದು ವೈರನ್ನು, ಮನುಷ್ಯರನ್ನಲ್ಲ

ಎಂಸಿಬಿ ಇದೆ, ಶಾಕ್ ಹೊಡೆದರೆ ಟ್ರಿಪ್ ಆಗುತ್ತೆ ಅಂತ ನಂಬಿದವರು ಬಹಳ ಜನ. ಲೆಕ್ಕ ಹಾಕಿ ನೋಡಿದರೆ ಭಯವಾಗುತ್ತೆ. ಹಳೇ 60 ವ್ಯಾಟ್ ಬಲ್ಬ್ ಎಳೆಯುವುದು ಸುಮಾರು 0.26 ಆಂಪ್, ಅಂದರೆ 260 ಮಿಲಿಆಂಪ್. ಅಷ್ಟು ಕರೆಂಟ್ ಎದೆಯ ಮೂಲಕ ಹಾಯ್ದರೆ ಮನುಷ್ಯ ಉಳಿಯುವುದು ಕಷ್ಟ. ಲೈಟಿಂಗ್‌ಗೆ ಹಾಕುವ 6 ಆಂಪ್ ಎಂಸಿಬಿಗೆ ಮಾತ್ರ ಅದು ಇನ್ನೊಂದು ಬಲ್ಬ್ ಹತ್ತಿದಂತೆ. ಅದು ಅಲುಗಾಡುವುದೇ ಇಲ್ಲ.

ಜೀವ ಕಾಯುವುದು ಆರ್‌ಸಿಸಿಬಿ. ಇಎಲ್‌ಸಿಬಿ ಅಂತಲೂ ಅಂಗಡಿಗಳಲ್ಲಿ ಕರೆಯುತ್ತಾರೆ. ಫೇಸ್‌ನಲ್ಲಿ ಹೋದಷ್ಟೇ ಕರೆಂಟ್ ನ್ಯೂಟ್ರಲ್‌ನಲ್ಲಿ ವಾಪಸ್ ಬರುತ್ತಿದೆಯಾ ಅಂತ ಅದು ತೂಗುತ್ತಲೇ ಇರುತ್ತೆ. ಎಲ್ಲೋ ಸೋರಿ ನೆಲಕ್ಕೆ ಹೋಗುತ್ತಿದ್ದರೆ ಕಣ್ಣು ಮಿಟುಕಿಸುವುದರೊಳಗೆ ಲೈನ್ ಕಡಿಯುತ್ತೆ. ಮನೆಗೆ ಕೊಳ್ಳುವಾಗ 30 ಮಿಲಿಆಂಪ್‌ನದ್ದೇ ಕೇಳಬೇಕು. 100, 300 ಮಿಲಿಆಂಪ್‌ನವೂ ಸಿಗುತ್ತವೆ, ಅವು ಮನುಷ್ಯರ ಜೀವ ಕಾಯುವ ಮಟ್ಟದವಲ್ಲ. ಬೆಲೆ ಒಂದು ಸಾಧಾರಣ ಮಿಕ್ಸಿಯ ಲೆಕ್ಕದಲ್ಲೇ ಇದೆ. ತಿಂಗಳಿಗೊಮ್ಮೆ ಕರೆಂಟ್ ಇರುವಾಗ ಅದರ ಮೇಲಿನ ಟೆಸ್ಟ್ ಬಟನ್ ಒತ್ತಿದರೆ ಟಕ್ ಅಂತ ಬೀಳಬೇಕು. ಬೀಳದಿದ್ದರೆ ಅದು ಬರೀ ಶೋಕಿಗೆ ಇದೆ ಅಂತ ಅರ್ಥ.

ಅದಕ್ಕೂ ಮಿತಿ ಇದೆ. ಒಂದು ಕೈಲಿ ಫೇಸ್, ಇನ್ನೊಂದು ಕೈಲಿ ನ್ಯೂಟ್ರಲ್ ಹಿಡಿದರೆ, ನೆಲಕ್ಕೆ ಸೋರುವುದು ಏನೂ ಇಲ್ಲದ್ದರಿಂದ ಅದಕ್ಕೆ ತಿಳಿಯುವುದಿಲ್ಲ. ಯುಪಿಎಸ್ ಬ್ಯಾಟರಿಯಲ್ಲಿ ಓಡುವಾಗ ಆ ಲೈನಿಗೆ ಮೇನ್ ಆರ್‌ಸಿಸಿಬಿಯ ಕಾವಲು ಸಾಮಾನ್ಯವಾಗಿ ಇರುವುದಿಲ್ಲ.

ಮಳೆಗಾಲದಲ್ಲಿ ದೊಡ್ಡ ತಕರಾರು ಬರುವುದು ಇದರ ಮೇಲೇ. ಪದೇ ಪದೇ ಟ್ರಿಪ್ ಆಗುತ್ತೆ, ಫ್ರಿಜ್‌ನಲ್ಲಿದ್ದದ್ದು ಹಾಳಾಗುತ್ತೆ, ಕಾಟ ತಡೆಯಲಾರದೆ ಬೈಪಾಸ್ ಮಾಡಿಸಿಬಿಡುತ್ತಾರೆ. ಬೈಪಾಸ್ ಮಾಡಿದ ಮೇಲೆ ಟ್ರಿಪ್ ನಿಲ್ಲುತ್ತೆ, ಸೋರಿಕೆ ನಿಲ್ಲುವುದಿಲ್ಲ. ನೀರು ಹೊಕ್ಕ ಅಂಗಳದ ಲೈಟು, ಬಾವಿ ಮೋಟರ್, ಗೀಸರ್, ವಾಷಿಂಗ್ ಮೆಷಿನ್ ಇವುಗಳಲ್ಲಿ ಯಾವುದೋ ಒಂದು ತಪ್ಪಿತಸ್ಥ ಇರುತ್ತೆ. ಹುಡುಕಲು ಮುಚ್ಚಳ ಬಿಚ್ಚಬೇಕಿಲ್ಲ. ಎಲ್ಲ ಎಂಸಿಬಿ ಇಳಿಸಿ, ಆರ್‌ಸಿಸಿಬಿ ಎತ್ತಿ, ಒಂದೊಂದೇ ಎಂಸಿಬಿ ಏರಿಸುತ್ತಾ ಬಂದರೆ ಯಾವುದಕ್ಕೆ ಬೀಳುತ್ತೋ ಆ ಲೈನಿನಲ್ಲಿ ಸಮಸ್ಯೆ. ಆ ಲೈನಿನ ಪ್ಲಗ್‌ಗಳನ್ನೆಲ್ಲ ತೆಗೆದು ಮತ್ತೊಮ್ಮೆ ನೋಡಿದರೆ ಮೆಷಿನ್ನಿಂದೋ ವೈರಿಂಗ್‌ನದೋ ಅನ್ನುವುದೂ ತಿಳಿಯುತ್ತೆ. ಎಲ್ಲ ಎಂಸಿಬಿ ಇಳಿಸಿದ್ದರೂ ಬೀಳುತ್ತಿದ್ದರೆ ಎಲ್ಲೋ ನ್ಯೂಟ್ರಲ್ ವೈರು ಅರ್ಥ್‌ಗೆ ತಾಗಿರಬಹುದು. ಎಂಸಿಬಿ ಕಡಿಯುವುದು ಫೇಸ್ ಒಂದನ್ನೇ, ನ್ಯೂಟ್ರಲ್ ಹಾಗೇ ಜೋಡಿಸಿಕೊಂಡಿರುತ್ತೆ. ಆಗ ಎಲೆಕ್ಟ್ರಿಷಿಯನ್ ಬರಲೇಬೇಕು.

ಎಂಸಿಬಿಯದ್ದು ಬೇರೆ ತಪ್ಪು. 16 ಆಂಪ್‌ನದ್ದು ಪದೇ ಪದೇ ಬೀಳುತ್ತೆ ಅಂತ 32ರದ್ದು ಹಾಕಿಸುತ್ತಾರೆ. ಫ್ಯೂಸ್ ಕಾಲದಲ್ಲಿ ನಾಲ್ಕು ಎಳೆ ತಾಮ್ರ ಸುತ್ತುತ್ತಿದ್ದ ಬುದ್ಧಿಯೇ ಇದು. ಗೋಡೆಯೊಳಗಿನ ವೈರು ಮಾತ್ರ ಹಳೇದೇ. ವೈರಿನಲ್ಲಿ ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟಾಗುತ್ತೆ. ಅದು ಹಾದುಹೋಗುವುದು ಎಲ್ಲಿ? ಹಂಚಿನ ಮನೆಯ ಅಟ್ಟದಲ್ಲಿ, ಒಣ ಅಡಿಕೆ ಸಿಪ್ಪೆ, ಹಳೇ ಗೋಣಿಚೀಲ, ಮರದ ಪಕಾಸಿಗಳ ಮಧ್ಯೆ. 2,000 ವ್ಯಾಟಿನ ಇಂಡಕ್ಷನ್ ಸ್ಟವ್ ಒಂದೇ ಸುಮಾರು 9 ಆಂಪ್ ಎಳೆಯುತ್ತೆ. ಅದೇ ಲೈನಿಗೆ ಗೀಸರ್ ಕೂಡ ಸೇರಿದರೆ 16 ಆಂಪ್ ಎಂಸಿಬಿ ಬೀಳುವುದು ನ್ಯಾಯವೇ. ಪರಿಹಾರ ದೊಡ್ಡ ಎಂಸಿಬಿಯಲ್ಲ, ಬೋರ್ಡಿನಿಂದ ಬೇರೆ ದಪ್ಪ ವೈರಿನ ಲೈನ್.

ಅರ್ಥಿಂಗ್ ಹೆಸರಿಗೆ ಮಾತ್ರ

ಹಳೇ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತೆ, ಅರ್ಥ್ ವೈರು ಇರುವುದಿಲ್ಲ. ಕೆಲವು ಕಡೆ ಸಾಕೆಟ್ ಒಳಗೆ ನ್ಯೂಟ್ರಲ್‌ನಿಂದಲೇ ಒಂದು ತುಂಡು ವೈರು ತೆಗೆದು ಅರ್ಥ್ ಪಿನ್ನಿಗೆ ಕೊಟ್ಟಿರುತ್ತಾರೆ. ಇದು ಎಲ್ಲಕ್ಕಿಂತ ಕೆಟ್ಟ ಕೆಲಸ. ಮುಂದೊಂದು ದಿನ ನ್ಯೂಟ್ರಲ್ ಎಲ್ಲಾದರೂ ಕಡಿದರೆ ಫ್ರಿಜ್, ವಾಷಿಂಗ್ ಮೆಷಿನ್‌ನ ಇಡೀ ಮೈಗೆ 230 ವೋಲ್ಟ್ ಬಂದು ನಿಲ್ಲುತ್ತೆ. ಅರ್ಥ್ ಇಲ್ಲದೆಯೂ ಆರ್‌ಸಿಸಿಬಿ ಕೆಲಸ ಮಾಡುತ್ತೆ ಅನ್ನುವುದು ನಿಜ. ಆದರೆ ಅರ್ಥ್ ಇದ್ದರೆ ಮೆಷಿನ್ ಕೆಟ್ಟ ಕೂಡಲೇ ಅದು ಬೀಳುತ್ತೆ, ಇಲ್ಲದಿದ್ದರೆ ಯಾರಾದರೂ ಮೆಷಿನ್ ಮುಟ್ಟಿ ಶಾಕ್ ತಿಂದ ಮೇಲೆ ಬೀಳುತ್ತೆ.

ಅಂಗಡಿಯವರಿಗೆ: ಎರಡೂ ಕಡೆ ಪ್ಲಗ್ ಇರುವ ವೈರು

ಬಸ್ ಸ್ಟ್ಯಾಂಡ್ ಸುತ್ತಮುತ್ತಲಿನ ಕಾಂಪ್ಲೆಕ್ಸ್‌ಗಳಲ್ಲಿ ಮೀಟರ್ ಬೋರ್ಡ್‌ಗಳು ಇರುವುದು ಮೆಟ್ಟಿಲ ಕೆಳಗೆ. ಅಲ್ಲೇ ಖಾಲಿ ರಟ್ಟಿನ ಡಬ್ಬ, ಪೊರಕೆ, ಕೊಡೆ. ಯಾವ ಸ್ವಿಚ್ ಯಾವ ಅಂಗಡಿಯದ್ದು ಅಂತ ಬರೆದಿರುವುದಿಲ್ಲ, ಆಪತ್ತಿನಲ್ಲಿ ಯಾವುದನ್ನು ಇಳಿಸಬೇಕು ಅಂತ ಯಾರಿಗೂ ಗೊತ್ತಾಗಲ್ಲ. ಒಂದು ಮಾರ್ಕರ್ ಪೆನ್ನಿನಲ್ಲಿ ಮುಗಿಯುವ ಕೆಲಸ ಇದು.

ಇದಕ್ಕಿಂತ ಗಂಭೀರವಾದದ್ದು ಜನರೇಟರ್. ಕರೆಂಟ್ ಹೋದಾಗ ಬೇಕರಿ, ಕೋಲ್ಡ್ ಡ್ರಿಂಕ್ಸ್, ಜೆರಾಕ್ಸ್ ಅಂಗಡಿಗಳಲ್ಲಿ ಸಣ್ಣ ಜನರೇಟರ್ ಶುರು ಮಾಡುತ್ತಾರೆ. ಕೆಲವರು ಎರಡೂ ತುದಿಗೆ ಪ್ಲಗ್ ಇರುವ ವೈರು ಮಾಡಿಸಿಕೊಂಡು ಒಂದು ತುದಿ ಜನರೇಟರ್‌ಗೆ, ಇನ್ನೊಂದು ತುದಿ ಗೋಡೆಯ ಸಾಕೆಟ್‌ಗೆ ಸಿಕ್ಕಿಸುತ್ತಾರೆ. ಇಡೀ ಅಂಗಡಿಗೆ ಕರೆಂಟ್ ಬಂತು ಅಂತ ಖುಷಿ. ಮೇನ್ ಇಳಿಸಲು ಮರೆತರೆ ಆ ಕರೆಂಟ್ ಮೀಟರ್ ದಾಟಿ ಕಂಬಕ್ಕೆ ಹೋಗುತ್ತೆ. ಟ್ರಾನ್ಸ್‌ಫಾರ್ಮರ್‌ಗೆ ದಿಕ್ಕಿನ ಹಂಗಿಲ್ಲ. ಆ ಕಡೆಯಿಂದ 11 ಸಾವಿರ ವೋಲ್ಟ್ ಬಂದರೆ ಇಳಿಸಿ ಮನೆಗೆ ಕೊಡುತ್ತೆ, ಈ ಕಡೆಯಿಂದ 230 ಹೋದರೆ ಏರಿಸಿ ಲೈನಿಗೆ ಕೊಡುತ್ತೆ. ಅದೇ ಹೊತ್ತಿನಲ್ಲಿ ಮಳೆಯಲ್ಲಿ ನೆನೆಯುತ್ತಾ ಲೈನ್ ಸತ್ತಿದೆ ಅಂತ ನಂಬಿ ಲೈನ್‌ಮನ್ ಕಂಬದ ಮೇಲೆ ಇರುತ್ತಾರೆ. ಬರುತ್ತಿರುವುದು ನಮ್ಮ ಅಂಗಡಿಗೆ ಕರೆಂಟ್ ಕೊಡಲು.

ಇದಕ್ಕೆ ಚೇಂಜ್‌ಓವರ್ ಸ್ವಿಚ್ ಹಾಕಿಸಬೇಕು. ಹಿಡಿ ಒಂದು ಕಡೆ ಇದ್ದರೆ ಮೆಸ್ಕಾಂ, ಇನ್ನೊಂದು ಕಡೆ ತಿರುಗಿಸಿದರೆ ಜನರೇಟರ್, ಎರಡೂ ಒಟ್ಟಿಗೆ ಸೇರಲು ಸಾಧ್ಯವೇ ಇಲ್ಲ. ಅದನ್ನು ಹಾಕಿಸುವ ತನಕ ಫ್ರಿಜ್‌ನ ಪ್ಲಗ್ಗನ್ನೇ ನೇರ ಜನರೇಟರ್‌ಗೆ ಹಾಕಿಕೊಳ್ಳಬಹುದು. ಜನರೇಟರ್ ಹೊರಗೇ ಇರಬೇಕು. ಶಟರ್ ಒಳಗೆ ಇಟ್ಟು ಓಡಿಸಿದರೆ ಹೊಗೆಯೇ ಜೀವ ತೆಗೆಯುತ್ತೆ.

ಶಾಕ್ ಹೊಡೆದರೆ

ಹಿಡಿದುಕೊಂಡವರನ್ನು ಬರಿಗೈಲಿ ಎಳೆಯಬಾರದು. ಮೇನ್ ಇಳಿಸಬೇಕು, ಯುಪಿಎಸ್ ಲೈನ್ ಆಗಿದ್ದರೆ ಅದನ್ನೂ. ಆಗದಿದ್ದರೆ ಒಣಗಿದ ಜಾಗದಲ್ಲಿ ನಿಂತು ಒಣ ಮರದ ಕೋಲು, ಪ್ಲಾಸ್ಟಿಕ್ ಕುರ್ಚಿಯಂಥದ್ದರಿಂದ ದೂಡಬೇಕು. ಉಸಿರಿಲ್ಲದಿದ್ದರೆ ಎದೆಯ ಮಧ್ಯೆ ಎರಡೂ ಕೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ ಗಟ್ಟಿಯಾಗಿ ಒತ್ತುತ್ತಾ, ಇನ್ನೊಬ್ಬರಿಂದ 108ಕ್ಕೆ ಫೋನ್ ಮಾಡಿಸಬೇಕು. ಎದ್ದು ಕೂತು ನೀರು ಕುಡಿದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಸಿಜಿ ಮಾಡಿಸುವುದು ಕ್ಷೇಮ. ಹೃದಯ ಬಡಿತದ ಏರುಪೇರು ಹೊರಗೆ ಕಾಣದೇ ಇರಬಹುದು. ಬೋರ್ಡಿಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು. ಮೇನ್ ಇಳಿಸಲು ಸಾಧ್ಯವಾದರೆ ಇಳಿಸಿ, ಒಣ ಮರಳು ಅಥವಾ ಪೌಡರ್ ಸಿಲಿಂಡರ್ ಬಳಸಬೇಕು.

ಮೀಟರ್ ಹತ್ತಿರ ಕಿಡಿ, ಸರ್ವಿಸ್ ವೈರು ಜೋತು ಬಿದ್ದಿರುವುದು, ತುಂಡಾಗಿ ಬಿದ್ದ ಲೈನ್ ಇವಕ್ಕೆಲ್ಲ ಮೆಸ್ಕಾಂ ಸಹಾಯವಾಣಿ 1912. ಕರೆ ಮಾಡುವಾಗ ಬಿಲ್ ಮೇಲಿರುವ ಆರ್‌ಆರ್ ನಂಬರ್, ಹತ್ತಿರದ ಟ್ರಾನ್ಸ್‌ಫಾರ್ಮರ್ ಅಥವಾ ಗುರುತಿನ ಜಾಗ ಹೇಳಿದರೆ ಲೈನ್‌ಮನ್ ಬೇಗ ತಲುಪುತ್ತಾರೆ. ಮೀಟರ್‌ನಿಂದ ಈಚಿನ ಕೆಲಸಕ್ಕೆ ಕರೆಸುವ ಎಲೆಕ್ಟ್ರಿಷಿಯನ್ ಬಳಿ ವಿದ್ಯುತ್ ಪರಿವೀಕ್ಷಣಾಲಯ ಕೊಟ್ಟ ಪರ್ಮಿಟ್ ಇದೆಯಾ ಅಂತ ಸಂಕೋಚವಿಲ್ಲದೆ ಕೇಳಬಹುದು. ಇರುವವರು ತೋರಿಸುತ್ತಾರೆ.